ಕರುಳಿನ ಬಿಗಿತ: ಕತ್ತರಿಯಿಂದ ಹೊಲಿಗೆಯ ಕಡೆಗೆ

ಗುರುಗ್ರಾಮದ ದೊಡ್ಡ ಆಸ್ಪತ್ರೆಗಳಿಗೆ ವಯಸ್ಸು ಹೆಚ್ಚಾಗಿಲ್ಲ. 2007ರಲ್ಲಿ ಆರ್ಟೆಮಿಸ್, 2009ರಲ್ಲಿ ನರೇಶ್ ತ್ರೆಹಾನ್ ಸ್ಥಾಪಿಸಿದ ಮೇದಾಂತ ಬಾಗಿಲು ತೆರೆದಾಗ ಊರಿಗೆ ಇನ್ನೂ ಗುಡಗಾಂವ್ ಎಂಬ ಹೆಸರೇ ಇತ್ತು. ಅಲ್ಲಿಯ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಬಂದ ವಿದ್ಯೆಯ ಬಹುಪಾಲು ದೆಹಲಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಪಳಗಿದ್ದು. ದೆಹಲಿಯ ಗೋವಿಂದ ಬಲ್ಲಭ ಪಂತ್ ಆಸ್ಪತ್ರೆಯಲ್ಲಿ ಜಠರ ಮತ್ತು ಕರುಳಿನ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದ ಆದರ್ಶ್ ಚೌಧರಿ ಮುಂದೆ ಮೇದಾಂತದಲ್ಲಿ ಅದೇ ವಿಭಾಗದ ಹೊಣೆ ಹೊತ್ತದ್ದು ಇದಕ್ಕೆ ಒಂದು ಉದಾಹರಣೆ. ಕ್ರೋನ್ಸ್ ಕಾಯಿಲೆಯ ಶಸ್ತ್ರಚಿಕಿತ್ಸೆಯ ಚರಿತ್ರೆಯನ್ನು ಈ ಊರಿನಿಂದ ನೋಡಿದರೆ, ಪಾಶ್ಚಾತ್ಯ ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಭಾರತದ ಪಾಲು ಸ್ವಲ್ಪ ದೊಡ್ಡದಾಗಿಯೇ ಕಾಣುತ್ತದೆ.

ಕ್ರೋನ್ಸ್ ಎಂದರೆ ಬಾಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗವನ್ನಾದರೂ, ಹೆಚ್ಚಾಗಿ ಸಣ್ಣಕರುಳಿನ ಕೊನೆಯ ಭಾಗವನ್ನು, ಒಳಪದರದಿಂದ ಹೊರಪದರದವರೆಗೆ ಕೆರಳಿಸುವ ದೀರ್ಘಕಾಲದ ಉರಿಯೂತ. ಅದು ಗಾಯ ಮಾಡುತ್ತದೆ, ಗಾಯ ಮಾಗುತ್ತ ಕರುಳು ಬಿಗಿದುಕೊಳ್ಳುತ್ತದೆ, ಆಹಾರ ಮುಂದೆ ಸಾಗದೆ ಹೊಟ್ಟೆ ಹಿಂಡುತ್ತದೆ. ಗ್ಲಾಸ್ಗೋದ ಡಾಲ್ಜೀಲ್ 1913ರಲ್ಲಿಯೇ ಇಂಥ ರೋಗಿಗಳನ್ನು ವಿವರಿಸಿದ್ದರೂ, 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್ ಮತ್ತು ಒಪನ್‌ಹೈಮರ್ 14 ರೋಗಿಗಳ ವರದಿ ಪ್ರಕಟಿಸಿದ ಬಳಿಕ ರೋಗಕ್ಕೆ ಕ್ರೋನ್ ಹೆಸರೇ ಅಂಟಿತು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದರೆ ರೋಗ ಹೋಯಿತು ಎಂಬುದು ಅಂದಿನ ವಿಶ್ವಾಸ. ರೋಗ ಹೋಗಲಿಲ್ಲ, ಬಹುಮಟ್ಟಿಗೆ ಹೊಸ ಜೋಡಣೆಯ ಜಾಗದಲ್ಲಿಯೇ ಮತ್ತೆ ತಲೆಯೆತ್ತಿತು. ಕೆಟ್ಟ ಭಾಗವನ್ನು ಒಳಗೇ ಬಿಟ್ಟು ಬಳಸುದಾರಿ ಹಾಕುವ ಪದ್ಧತಿಯೂ ಕೆಲಕಾಲ ನಡೆಯಿತು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಆದದ್ದು ಇದೇ ಚಿಕಿತ್ಸೆ, ಅದಾದ ಐದು ತಿಂಗಳಿಗೆ ಅವರು ಚುನಾವಣೆಯನ್ನೂ ಗೆದ್ದರು. ಆದರೆ ಒಳಗುಳಿದ ಕರುಳು ಮುಂದೆ ಕೀವು, ಕ್ಯಾನ್ಸರ್‌ಗಳಿಗೆ ಎಡೆ ಮಾಡಿಕೊಡುತ್ತದೆಂದು ತಿಳಿದಾಗ ಪದ್ಧತಿ ಮೂಲೆಗೆ ಸರಿಯಿತು.

ಭಾರತದಲ್ಲಿ ಪ್ರಶ್ನೆಯೇ ಬೇರೆಯಾಗಿತ್ತು. ಇಲ್ಲಿ ಅದೇ ಜಾಗದಲ್ಲಿ, ಅದೇ ರೂಪದಲ್ಲಿ ಕರುಳನ್ನು ಬಿಗಿಯುವ ಹಳೆಯ ಶತ್ರು ಕ್ಷಯ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಎಚ್.ಡಿ. ಟಂಡನ್ ಮತ್ತು ಎ. ಪ್ರಕಾಶ್ 1972ರಲ್ಲಿ ಪ್ರಕಟಿಸಿದ ಅಧ್ಯಯನ ಈ ಎರಡನ್ನೂ ಅಂಗಾಂಶದ ಮಟ್ಟದಲ್ಲಿ ಬಿಡಿಸಿ ನೋಡಿತು. ಕ್ಷಯದಲ್ಲಿ ಉರಿಯೂತದ ಗಂಟುಗಳು ದೊಡ್ಡವು, ಒಂದಕ್ಕೊಂದು ಕೂಡಿಕೊಂಡವು, ನಡುವೆ ಗಿಣ್ಣಿನಂತೆ ಕೊಳೆತವು. ಕ್ರೋನ್ಸ್‌ನಲ್ಲಿ ಅವು ಸಣ್ಣವು, ಬಿಡಿಬಿಡಿ, ಕೊಳೆಯದವು. ಕೆಲವೊಮ್ಮೆ ಕರುಳಿನಲ್ಲಿ ಏನೂ ಸಿಗದೆ ಪಕ್ಕದ ದುಗ್ಧಗ್ರಂಥಿಯಲ್ಲಿ ಮಾತ್ರ ಕ್ಷಯದ ಗುರುತು ಸಿಗುತ್ತದೆ ಎಂಬುದು ಶಸ್ತ್ರವೈದ್ಯರಿಗೆ ಇಂದಿಗೂ ನೆನಪಿರಬೇಕಾದ ಸಂಗತಿ.

ಕ್ಷಯದಲ್ಲಿ ಬಿಗಿತಗಳು ಹಲವೆಡೆ ಇರುವುದರಿಂದ ಪ್ರತಿಯೊಂದನ್ನೂ ಕತ್ತರಿಸುತ್ತ ಹೋದರೆ ರೋಗಿಗೆ ಅನ್ನ ಅರಗಿಸುವಷ್ಟು ಕರುಳೂ ಉಳಿಯುವುದಿಲ್ಲ. ಕಟಾರಿಯಾ ಮತ್ತು ಸಂಗಡಿಗರು 1977ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟಿಸಿದ ಉಪಾಯ ಸರಳ: ಬಿಗಿದ ಜಾಗವನ್ನು ಕರುಳಿನ ಉದ್ದಕ್ಕೆ ಸೀಳುವುದು, ಸೀಳಿದ್ದನ್ನು ಅಡ್ಡಡ್ಡಲಾಗಿ ಹೊಲಿಯುವುದು. ಉದ್ದ ಸ್ವಲ್ಪ ಕುಗ್ಗಿ ಅಗಲ ಹಿಗ್ಗುತ್ತದೆ, ಕರುಳಿನ ತುಣುಕೂ ಹೊರಗೆ ಹೋಗುವುದಿಲ್ಲ. ಜಠರದ ಬಾಯಿಗೆ ಹತ್ತೊಂಬತ್ತನೆಯ ಶತಮಾನದಲ್ಲೇ ಬಳಕೆಯಾಗಿದ್ದ ವಿಧಾನವಿದು, ಆದರೆ ಅದನ್ನು ರೋಗಗ್ರಸ್ತ ಸಣ್ಣಕರುಳಿಗೆ ತಂದ ಧೈರ್ಯ ಇವರದು. ಆಕ್ಸ್‌ಫರ್ಡಿನ ಇಮ್ಯಾನುಯೆಲ್ ಲೀ 1982ರಲ್ಲಿ ಇದೇ ಮಾರ್ಗವನ್ನು ಕ್ರೋನ್ಸ್‌ಗೆ ಅನ್ವಯಿಸಿದರು. ಕೆರಳಿದ ಕರುಳಿನಲ್ಲಿ ಹೊಲಿಗೆ ನಿಲ್ಲದು ಎಂಬ ಹಳೆಯ ಅಂಜಿಕೆ ಹುಸಿಯಾಯಿತು. ಮೂರು ದಶಕಗಳ ಬಳಿಕ ಗುರುಗ್ರಾಮದ ಶಸ್ತ್ರವೈದ್ಯರ ಕೈಗೆ ಈ ವಿದ್ಯೆ ಬಂದದ್ದು ಕ್ರೋನ್ಸ್‌ನ ಹೆಸರಿನಲ್ಲಿ. ಅದು ಹುಟ್ಟಿದ್ದು ಈ ದೇಶದ ಕ್ಷಯರೋಗಿಗಳ ಹೊಟ್ಟೆಯಲ್ಲಿ.

ಎಷ್ಟು ಕತ್ತರಿಸಬೇಕೆಂಬ ವಾದವನ್ನು ಕ್ಲೀವ್‌ಲ್ಯಾಂಡಿನ ಫಾಜಿಯೋ ತಂಡ 1996ರಲ್ಲಿ ತಣ್ಣಗಾಗಿಸಿತು: ರೋಗದ ಅಂಚಿನಿಂದ 2 ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೂ 12 ಸೆಂಟಿಮೀಟರ್ ಬಿಟ್ಟರೂ ಮರುಕಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆಲ್ಜಿಯಂನ ರುಟ್‌ಗೇರ್ಟ್ಸ್ ಅದಕ್ಕೂ ಮುನ್ನವೇ, ಶಸ್ತ್ರಚಿಕಿತ್ಸೆಯಾದ ಒಂದು ವರ್ಷದೊಳಗೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ರೋಗಿಗಳ ಜೋಡಣೆಯ ಮೇಲ್ಭಾಗದಲ್ಲಿ ಹೊಸ ಹುಣ್ಣುಗಳನ್ನು ಅಂತರ್ದರ್ಶಕದಿಂದ ಕಂಡಿದ್ದರು. ಆಗ ಅನೇಕರಿಗೆ ನೋವೇ ಇರಲಿಲ್ಲ. ಆಮೇಲೆ ಕಣ್ಣು ಬಿದ್ದದ್ದು ಜೋಡಣೆಯ ಆಕಾರದ ಮೇಲೆ. ಜಪಾನಿನ ತೋರು ಕೋನೊ 2003ರಲ್ಲಿ ಆರಂಭಿಸಿದ ವಿಧಾನದಲ್ಲಿ ಕರುಳಿನ ಎರಡು ಮೊಂಡು ತುದಿಗಳನ್ನು ಒಂದಕ್ಕೊಂದು ಹೊಲಿದು ಆಧಾರದ ಕಂಬ ಮಾಡಿ, ಕರುಳನ್ನು ಹಿಡಿದಿರುವ ಕರುಳುಬಂಧಕ್ಕೆ ಎದುರು ಬದಿಯಲ್ಲಿ ಅಗಲವಾದ ಬಾಯಿ ತೆರೆಯಲಾಗುತ್ತದೆ. 2020ರಲ್ಲಿ ನೇಪಲ್ಸ್‌ನ ಪ್ರಯೋಗದಲ್ಲಿ ಆರು ತಿಂಗಳ ಮರುಕಳಿಕೆ ಈ ಗುಂಪಿನಲ್ಲಿ ಶೇ. 22, ರೂಢಿಯ ಜೋಡಣೆಯ ಗುಂಪಿನಲ್ಲಿ ಶೇ. 63ರಷ್ಟಿತ್ತು. ರೋಗದ ಮೂಲ ಕರುಳುಬಂಧದಲ್ಲಿದೆಯೆಂದು ಅದನ್ನೂ ತೆಗೆದ ಐರ್ಲೆಂಡಿನ ಕಾಫಿ ಅವರ 2018ರ ವರದಿ ಭಾರಿ ಆಸೆ ಹುಟ್ಟಿಸಿತ್ತು. 2024ರ ಯುರೋಪಿನ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಇಂಥ ಏರಿಳಿತ ಈ ಕ್ಷೇತ್ರಕ್ಕೆ ಹೊಸದಲ್ಲ.

ಗುರುಗ್ರಾಮದಲ್ಲಿ ಈ ಚರ್ಚೆಗೆ ಇನ್ನೊಂದು ಕವಲಿದೆ. ಕ್ಷಯವೋ ಕ್ರೋನ್ಸೋ ಎಂಬ ಅನುಮಾನದಲ್ಲಿ ಮೊದಲು ಕ್ಷಯದ ಮದ್ದು ಕೊಟ್ಟು ಕಾಯುವುದು ಉತ್ತರ ಭಾರತದ ರೂಢಿ. ಅದು ಕ್ರೋನ್ಸೇ ಆಗಿದ್ದರೆ ಕಾಯುವ ತಿಂಗಳುಗಳಲ್ಲಿ ಬಿಗಿತ ಬಲಿತು, ತಪ್ಪಿಸಬಹುದಾಗಿದ್ದ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಬಹುದು. ಕರುಳು ಕತ್ತರಿಸಿದ ಬಳಿಕವೂ ನಿರ್ಣಯ ಬದಲಾಗಬಹುದಾದ್ದರಿಂದ, ತೆಗೆದ ತುಂಡಿನ ಜೊತೆ ದುಗ್ಧಗ್ರಂಥಿಗಳನ್ನೂ ರೋಗಶಾಸ್ತ್ರಜ್ಞರಿಗೆ ಕಳುಹಿಸಬೇಕಾಗುತ್ತದೆ. ಗ್ರಂಥಿಯಲ್ಲಿ ಗಿಣ್ಣಿನಂಥ ಕೊಳೆ ಕಂಡರೆ ಮರುಕಳಿಕೆ ತಡೆಯುವ ರೋಗನಿರೋಧ ಕುಗ್ಗಿಸುವ ಮದ್ದಿನ ಬದಲು ಕ್ಷಯದ ಚಿಕಿತ್ಸೆ ಶುರುವಾಗುತ್ತದೆ, ಕಾಣದಿದ್ದರೆ ಆರು ತಿಂಗಳಿಗೆ ಅಂತರ್ದರ್ಶಕ ಪರೀಕ್ಷೆಯ ದಿನ ಗೊತ್ತುಮಾಡಲಾಗುತ್ತದೆ.