ಮೋತ್ಯಾನ ತಾಟಿನ ಇತಿಹಾಸ

ನಮ್ಮ ಮೋತ್ಯಾ ಹ್ವಾದ ವರ್ಷ ಶ್ರಾವಣದಾಗ ಕೆರಕೊಳ್ಳಲಿಕ್ಕೆ ಸುರು ಮಾಡಿದಾಂವ ದಸರಾ ಬಂದ್ರೂ ನಿಲ್ಲಸಲಿಲ್ಲ. ರಾತ್ರಿ ಎರಡಕ್ಕ ಪಡಸಾಲ್ಯಾಗ ಟಪ್ ಟಪ್ ಅಂತ ಕಾಲ ಬಡಿಯೋ ಸಪ್ಪಳ. ಪಂಜಾ ನೆಕ್ಕಿ ನೆಕ್ಕಿ ಕೆಂಪಾಗಿದ್ವು, ಹೊಟ್ಟಿ ಮ್ಯಾಲಿನ ಕೂದಲಾ ಉದರಿ ರಕ್ತ ಜಿನಗತಿತ್ತು. ಮನಿಗೆ ಬಂದವರೊಬ್ಬರು "ಇದನ್ನ ಎಲ್ಲೆರ ಬಿಟ್ಟ ಬರ್ರಿ" ಅಂದಬಿಟ್ರು. ಅವತ್ತ ನಮ್ಮ ಅತ್ತಿಯವರು ಊಟಾನೂ ಮಾಡಲಿಲ್ಲ.

ಡಾಕ್ಟರು ಮೊದಲ ಚಿಗಟ, ಉಣ್ಣಿ, ಹುರಕು ಎಲ್ಲಾ ನೋಡಿ ಔಷಧ ಕೊಟ್ರು. ಅರ್ಧಾ ಕಡಿಮಿ ಆತು, ಪೂರಾ ಹೋಗಲಿಲ್ಲ. ಆಮ್ಯಾಲೆ ನನ್ನ ಕೈಯಾಗ ಒಂದ ಹಾಳಿ ಕೊಟ್ಟು, "ಇಂವಾ ಮರಿ ಇದ್ದಾಗಿಂದ ಏನೇನ ತಿಂದಾನ ಎಲ್ಲಾ ಬರದುಕೊಂಡ ಬರ್ರಿ" ಅಂದ್ರು. ನಾಯಿ ತಾಟಿಗೂ ಇತಿಹಾಸ ಅದ ಅಂತ ನನಗ ಅವತ್ತ ಗೊತ್ತಾತು ನೋಡ್ರಿ.

ದೊಡ್ಡ ಇತಿಹಾಸದಾಗ ಇದು ಸಿಗೂದು ಕಡಿಮಿ. ನಮ್ಮ ಮಂಡ್ಯ ಜಿಲ್ಲಾದ ಆತಕೂರಿನ ಶಾಸನಾ ಕೇಳೀರಲ್ಲಾ, ಕ್ರಿ.ಶ. 950ರ ಸುಮಾರಿಂದು. ಕಾಡಹಂದಿ ಜೋಡಿ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ಕಲ್ಲ ನಿಲ್ಲಿಸ್ಯಾರ. ಕಾಳಿ ಶೌರ್ಯ ಬರದಾರ, ಏನ ಉಣತಿತ್ತು ಅಂತ ಬರದಿಲ್ಲ. ಎರಡ ಸಾವಿರ ವರ್ಷದ ಹಿಂದ ರೋಮದಾಗ ವಾರ್ರೊ ಅನ್ನಾಂವ ಮಾತ್ರ ತನ್ನ ಒಕ್ಕಲುತನದ ಪುಸ್ತಕದಾಗ, ನಾಯಿಗೆ ಜವಿಗೋಧಿ ರೊಟ್ಟಿ ಹಾಲಿನಾಗ ನೆನಸಿ ಹಾಕ್ರಿ ಅಂತ ಬರದಾನ. ನಮ್ಮ ಹಾಲು-ಚಪಾತಿಕಿಂತ ಏನ ಬ್ಯಾರೆ ಹೇಳ್ರಿ?

ಅಂಗಡಿ ಊಟದ ಸುದ್ದಿ ಭಾಳ ಹಳೇದಲ್ಲ. 1860ರ ಸುಮಾರ ಜೇಮ್ಸ್ ಸ್ಪ್ರಾಟ್ ಅನ್ನೋ ಅಮೇರಿಕಾದಾಂವ ಲಂಡನ್ನಿಗೆ ಮಿಂಚುಕಂಬಿ ಮಾರಲಿಕ್ಕೆ ಹೋಗಿದ್ದ. ಹಡಗಿನವರ ಒಣಾ ಬಿಸ್ಕೀಟ ನಾಯಿ ತಿನ್ನೂದ ನೋಡಿ, ಗೋಧಿ, ಬೀಟ್‌ರೂಟ್, ಕಾಯಿಪಲ್ಲೆ, ಮಾಂಸ ಕೂಡಿಸಿ ನಾಯಿಗಂತನ ಬಿಸ್ಕೀಟ ಮಾಡಿದ. ಇಂಥಾ ಜಡ್ಡಿಗೆ ಇಂಥಾ ಊಟ ಅನ್ನೂದು ಅಂಗಡಿಗೆ ಬಂದದ್ದು ಇನ್ನೂ ತಡಾ. 1939ರಾಗ ಅಮೇರಿಕಾದಾಗ ಮಾರಿಸ್ ಫ್ರ್ಯಾಂಕ್ ಅನ್ನೋ ಕಣ್ಣ ಕಾಣದಾಂವಗ ದಾರಿ ತೋರಸೋ ನಾಯಿ ಬಡ್ಡಿಗೆ ಕಿಡ್ನಿ ಜಡ್ಡಾತು. ಡಾಕ್ಟರ್ ಮಾರ್ಕ್ ಮಾರಿಸ್ ಅದಕ್ಕಂತ ಬ್ಯಾರೆ ಊಟಾ ಹೊಂದಿಸಿದ್ರು. ಅವರೂ ಅವರ ಹೆಂಡತಿ ಲೂಯಿಸೂ ಅದನ್ನ ಗಾಜಿನ ಬಾಟ್ಲಿಗೆ ತುಂಬಿ ಕಳಸತಿದ್ರು. ದಾರ್ಯಾಗ ಬಾಟ್ಲಿ ಒಡೀಲಿಕತ್ತು, ಡಬ್ಬಿ ಬಂದ್ವು. 1948ರಾಗ ಕಾನ್ಸಾಸ್ ರಾಜ್ಯದ ಹಿಲ್ ಕಂಪನಿ ಮಾಡಿ ಮಾರಲಿಕ್ಕೆ ಸುರು ಮಾಡ್ತು. ನೋಡ್ರಿ, ಅದೂ ಒಂದ ಮನಿ ಕೆಲಸದಿಂದನ ಬೆಳದದ್ದು.

ಚರ್ಮದ ಊಟದ್ದು ಇನ್ನೊಂದ ಮಜಾ ಅದ. ಅಮೇರಿಕಾದಾಗ ನಾಯಿಗೆ ಕುರಿ ಮಾಂಸ ಹಾಕೂದು ಕಡಿಮಿ ಇತ್ತು. ಅದಕ್ಕ ತುರಿಕಿ ನಾಯಿಗೆ ಡಾಕ್ಟರು ಕುರಿ-ಅನ್ನ ಬರಕೊಡತಿದ್ರು, ಗುಣಾ ಆಗತಿತ್ತು. ಕಂಪನಿಯವರು "ಚರ್ಮಕ್ಕ ಛಲೋ" ಅಂತ ಎಲ್ಲಾ ಚೀಲದಾಗೂ ಕುರಿ-ಅನ್ನಾ ತುಂಬಿದ್ರು. ಮುಂದ ಮರಿಗಳೆಲ್ಲಾ ಅದನ್ನ ತಿಂದ ಬೆಳದ್ವು, ಕುರಿಗೂ ಅಲರ್ಜಿ ಬಂತು! ಗುಣ ಇದ್ದದ್ದು ಕುರ್ಯಾಗಲ್ಲ, ಆ ನಾಯಿ ಅದನ್ನ ಮೊದಲ ತಿಂದಿರಲಿಲ್ಲ ಅನ್ನೂದರಾಗ.

ನಾನೂ ಇಷ್ಟ ದಿನಾ ತಪ್ಪ ತಿಳದಿದ್ದೆ. "ಮೊದಲಿಂದ ತಿಂತಾನ, ಅದರಿಂದ ಹೆಂಗ ಆಗತದ?" ಅಂತಿದ್ದೆ. ಅಲರ್ಜಿ ಆಗೂದ ದಿನಾ ತಿಂದದ್ದಕ್ಕಂತ. 2016ರಾಗ ಊಟದ ಅಲರ್ಜಿ ಇದ್ದ 297 ನಾಯಿಗಳ ಲೆಕ್ಕ ಕೂಡಿಸಿದಾಗ ದನದ ಮಾಂಸ ನೂರಕ್ಕ 34, ಹಾಲಿನ ಪದಾರ್ಥ 17, ಕೋಳಿ 15, ಗೋಧಿ 13 ಬಂದ್ವು.

ನನ್ನ ಹಾಳ್ಯಾಗ ಹಾಲು, ಚಪಾತಿ, ಜ್ವಾಳದ ರೊಟ್ಟಿ, ಮೊಸರನ್ನ, ಚಿಕನ್ ಡಾಗ್ ಫುಡ್, ಬಿಸ್ಕೀಟ ಎಲ್ಲಾ ಇದ್ವು. ಮೀನು, ಗೆಣಸು ಎರಡ ಇರಲಿಲ್ಲ. ಎಂಟ ವಾರ ಅವೆರಡ ಹಾಕ್ರಿ, ಬ್ಯಾರೆ ಒಂದ ತುಣಕೂ ಬ್ಯಾಡ ಅಂದ್ರು ಡಾಕ್ಟರು. ನಮ್ಮ ಮನ್ಯಾಗ ಮೀನು! ಕಡೀಕ ಬಾಜೂಮನಿ ವೈನಿ ತಾವ ಉಪ್ಪು, ಉಳ್ಳಾಗಡ್ಡಿ ಹಾಕದ ಕುದಿಸಿ, ಮುಳ್ಳ ತಗದು ಡಬ್ಬಿ ಕೊಡಲಿಕ್ಕೆ ಸುರು ಮಾಡಿದ್ರು. ಗೆಣಸು ನಾ ಕುದಸತಿದ್ದೆ.

ಐದ ವಾರಾತು, ಏನೂ ಫರಕ ಬೀಳಲಿಲ್ಲ. ಒಂದಿನಾ ಸಂಜೀಮುಂದ ಹಿತ್ತಲಕ ಹೋದ್ರ, ಅತ್ತಿಯವರು ದೀಪಾ ಹಚ್ಚಿ ಬಂದು ಮೋತ್ಯಾಗ ಹಾಲಿನಾಗ ಅದ್ದಿದ ಚಪಾತಿ ತುಣಕ ತಿನಸಲಿಕತ್ತಿದ್ರು. ದಿನಾ ಹಾಕತಿದ್ರಂತ! "ಆ ನಾತದ ಊಟಾ ಹೆಂಗ ತಿಂದಿತು ಪಾಪ" ಅಂದ್ರು. ನನಗ ಸಿಟ್ಟೂ ಬಂತು, ಅಳೂನೂ ಬಂತು. ಐದ ವಾರದ್ದ ಎಲ್ಲಾ ನೀರಾಗ ಹೋತು.

ಮತ್ತ ಒಂದರಿಂದ ಎಣಿಸಿದ್ವಿ. ಈ ಸಲ ನಾಲ್ಕನೇ ವಾರಕ್ಕ ರಾತ್ರಿ ಸಪ್ಪಳ ಕಡಿಮಿ ಆತು, ಎಂಟನೇ ವಾರಕ್ಕ ಹೊಟ್ಟಿ ಮ್ಯಾಲೆ ಹೊಸಾ ಕೂದಲಾ ಬಂದಿತ್ತು. ಆಮ್ಯಾಲೆ ಡಾಕ್ಟರು ಹೇಳಿದಂಗ ಹಳೇ ಪದಾರ್ಥ ಒಂದೊಂದ ವಾಪಸ ಹಾಕಿ ನೋಡಿದ್ವಿ. ಚಪಾತಿ ಎರಡ ವಾರ ಹಾಕಿದ್ವಿ, ಏನೂ ಆಗಲಿಲ್ಲ. ಹಾಲ ಹಾಕಿದ ಮೂರನೇ ದಿನಾ ರಾತ್ರಿ ಟಪ್ ಟಪ್ ಸುರು.

ಅತ್ತಿಯವರು ಮುಖಾ ಸಣ್ಣ ಮಾಡಿ "ನಾನ ಅಂವಗ ವಿಷಾ ಹಾಕಿದಂಗ ಆತಲ್ಲ" ಅಂದ್ರು. ನಾನಂದೆ, "ಅವ್ವಾ, ರೋಮದವರಿಂದ ಹಿಡದು ಎಲ್ಲಾರೂ ಹಾಲ-ರೊಟ್ಟೀನ ಹಾಕ್ಯಾರ. ಪ್ರೀತಿಯಿಂದ ಹಾಕಿದ್ದು ತಪ್ಪಲ್ಲ, ಇವನ ಮೈಗೆ ಅದು ಕೂಡಿ ಬರಲಿಲ್ಲ ಅಷ್ಟ."

ಈಗ ಡಾಕ್ಟರು ಹಾಲಿಲ್ಲದ ಪೂರ್ಣ ಊಟಾ ಬರಕೊಟ್ಟಾರ. ಬರೇ ಮೀನು-ಗೆಣಸಿನ ಮ್ಯಾಲೆ ವರ್ಷಗಟ್ಟಲೆ ಇಡಬಾರದಂತ, ಎಲವಿಗೆ ಬೇಕಾದ ಸುಣ್ಣದಂಶ ಸಾಲೂದಿಲ್ಲ. ನಿಮ್ಮ ನಾಯಿ ಕೆರಕೊಳ್ಳಲಿಕತ್ತಿದ್ರ ಚೀಲದ ಮ್ಯಾಲಿನ ಹೆಸರ ಓದಕಿಂತ ಮೊದಲ, ಒಂದ ಹಾಳಿ ತಗೊಂಡ ಅದರ ತಾಟಿನ ಇತಿಹಾಸ ಬರೀರಿ. ಮನೀ ಮಂದೀನೆಲ್ಲಾ ಕೇಳಿ ಬರೀರಿ, ಅತ್ತಿಯವರನ್ನೂ ಬಿಡಬ್ಯಾಡ್ರಿ.

ಸಂಜೀಮುಂದ ದೀಪಾ ಹಚ್ಚಿದ ಮ್ಯಾಲೆ ಅತ್ತಿಯವರು ಈಗೂ ಹಿತ್ತಲಕ ಹೋಗತಾರ. ಕೈಯಾಗ ಕುದಿಸಿದ ಗೆಣಸಿನ ಹೋಳು ಇರತದ.