ಕತ್ತಲೆಕೋಣೆಯ ಆಚೆಗೂ ಕಾಯುವಿಕೆ

ಕ್ಷ-ಕಿರಣದ ಯಂತ್ರವೊಂದು ಆಸ್ಪತ್ರೆಗೆ ಬಂದಿತೆಂದರೆ ರೋಗಿಯ ಕಾಯುವಿಕೆ ಮುಗಿಯಿತೆಂದು ನಾವು ನಂಬಿಬಿಡುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1895ರ ಡಿಸೆಂಬರಿನಲ್ಲಿ ಜರ್ಮನಿಯ ರಾಂಟ್ಜನ್ ಮಹಾಶಯರು ತಮ್ಮ ಪತ್ನಿಯ ಕೈಯ ಚಿತ್ರ ತೆಗೆದಾಗ ಆಕೆ ಬಹಳ ಹೊತ್ತು ಕೈ ಅಲುಗಿಸದೆ ಇರಬೇಕಾಯಿತಂತೆ. ಮುಂದೆ ಆ ಹೊತ್ತು ಕ್ಷಣಾರ್ಧಕ್ಕೆ ಇಳಿದರೂ ಕಾಯುವಿಕೆ ಕತ್ತಲೆಕೋಣೆಗೆ ಸರಿಯಿತು. ಫಿಲ್ಮನ್ನು ರಸಾಯನದಲ್ಲಿ ಅದ್ದಬೇಕು, ತೊಳೆಯಬೇಕು, ಒಣಗಿಸಬೇಕು. ಅವಸರವಿದ್ದರೆ ನೀರು ತೊಟ್ಟಿಕ್ಕುವ ಫಿಲ್ಮನ್ನೇ ಬೆಳಕಿಗೆ ಹಿಡಿದು ನೋಡುತ್ತಿದ್ದ ವೈದ್ಯರುಂಟು.

ನಮ್ಮ ಕೋಲಾರದ ಸೀಮೆಗೆ ಹೊಸ ಯಂತ್ರಗಳು ಹೊಸತಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಇಲ್ಲಿಯ ಚಿನ್ನದ ಗಣಿಗೆ; ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಕಲ್ಲಿನ ಧೂಳಿನಿಂದ ಗಣಿ ಕೂಲಿಗಾರರ ಶ್ವಾಸಕೋಶಕ್ಕೆ ತಗಲುವ ಸಿಲಿಕೋಸಿಸ್ 1934ರಲ್ಲಿ ಇಲ್ಲಿಂದಲೇ ವರದಿಯಾಯಿತು. ಆದರೆ ಅದು ವರ್ಷಗಟ್ಟಲೆ ಬೆಳೆಯುವ ರೋಗ. ಎದೆಯ ಚಿತ್ರವನ್ನು ನಾಳೆ ನೋಡಿದರೂ ಆದೀತು.

ಪಾರ್ಶ್ವವಾಯು ಹಾಗಲ್ಲ. ರಕ್ತನಾಳದ ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೊಡುವ ಮುನ್ನ ಮಿದುಳಿನಲ್ಲಿ ರಕ್ತಸ್ರಾವವಾಗಿಲ್ಲವೆಂದು ಖಚಿತವಾಗಬೇಕು. ಆಗಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು. ಇದನ್ನು ಬೇಗ ತಿಳಿಸುವುದು ಸಿ.ಟಿ. ಚಿತ್ರ, 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳನ್ನು ಹೀಗೆ ನೋಡಲಾಯಿತು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕುಸಿದವನಿಗೆ ಗಡಿಯಾರ ಶುರುವಾಗುವುದು ಆಸ್ಪತ್ರೆಯ ಬಾಗಿಲಲ್ಲಲ್ಲ, ಬಿದ್ದ ಜಾಗದಲ್ಲೇ. ಮುಳಬಾಗಿಲಿನಿಂದ ಕೋಲಾರಕ್ಕೆ ಸುಮಾರು 30 ಕಿಲೋಮೀಟರು. ಅಲ್ಲಿಂದ ಬೆಂಗಳೂರಿಗೆ ಚೀಟಿ ಬರೆದರೆ ಅದರ ಎರಡರಷ್ಟಕ್ಕೂ ಮಿಗಿಲಾದ ದಾರಿ.

ಇಲ್ಲೊಂದು ವಿಚಿತ್ರ ನೋಡಿ. ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೊರಟರೆ ದಾರಿಯಲ್ಲಿ ವೈಟ್‌ಫೀಲ್ಡ್ ಸಿಗುತ್ತದೆ. 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಮತ್ತು ಡಾ. ಸುನೀತಾ ಮಹೇಶ್ವರಿ ಅವರು ಸ್ಥಾಪಿಸಿದ ಟೆಲಿರೇಡಿಯಾಲಜಿ ಸಂಸ್ಥೆಯ ನೆಲೆ ಅಲ್ಲಿದೆ. ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ನಡುರಾತ್ರಿ ತೆಗೆದ ಚಿತ್ರಗಳನ್ನು ಇಲ್ಲಿಯ ತಜ್ಞರು ಹಗಲಿನಲ್ಲಿ ಓದಿ ವರದಿ ಕಳುಹಿಸುವ ಪದ್ಧತಿ ಹಾಗೆ ಬೆಳೆಯಿತು. ಅಲ್ಲಿ ಯಂತ್ರಗಳಿಗೆ ಕೊರತೆಯಿರಲಿಲ್ಲ. ಎಚ್ಚರವಾಗಿರುವ ಕಣ್ಣುಗಳು ಬೇಕಾಗಿದ್ದವು.

ಒದ್ದೆ ಫಿಲ್ಮಿಗೆ ಆಗದ ಪ್ರಯಾಣ ಇಂದಿನ ಚಿತ್ರಕ್ಕೆ ಸಾಧ್ಯ. ರೋಗಿ ಮೇಜಿನಿಂದ ಇಳಿಯುವ ಮೊದಲೇ ಅದು ತಜ್ಞರ ಮುಂದಿರಬಲ್ಲದು. ರೋಗಿಯನ್ನು ಕಳುಹಿಸಲೇಬೇಕಾದರೆ ಚಿತ್ರವೂ ವರದಿಯೂ ಆಂಬ್ಯುಲೆನ್ಸಿಗಿಂತ ಮುಂಚೆ ಬೆಂಗಳೂರನ್ನು ಸೇರಬೇಕು. ಇಲ್ಲವಾದರೆ ಅಲ್ಲಿ ಅದೇ ತಲೆಯನ್ನು ಮತ್ತೆ ಅಂಥದೇ ಯಂತ್ರದೊಳಗೆ ಇಡುತ್ತಾರೆ, ಹೊರಗೆ ಮನೆಯವರು ಮತ್ತೊಮ್ಮೆ ಕಾಯುತ್ತಾರೆ.