ಹೊರಗೋಡೆಯ ಪೆಟ್ಟಿಗೆಯ ಚರಿತ್ರೆ



ಹೊಸೂರಿನ ಬಾಗಲೂರು ರಸ್ತೆಯಲ್ಲಿಯೋ ತಳಿ ರಸ್ತೆಯಲ್ಲಿಯೋ ನಡೆದು ಹೋಗುವಾಗ ಒಮ್ಮೆ ತಲೆಯೆತ್ತಿ ನೋಡಿ. ಮನೆಗಳ ಹೊರಗೋಡೆಗೆ, ಕಿಟಕಿಯ ಸಜ್ಜದ ಮೇಲೆ, ತಾರಸಿಯ ಮೂಲೆಯಲ್ಲಿ ಬಿಳಿ ಬಣ್ಣದ ತಗಡಿನ ಪೆಟ್ಟಿಗೆಗಳು ಕೂತಿವೆ. ಎದುರಿಗೆ ಜಾಲರಿ, ಜಾಲರಿಯ ಹಿಂದೆ ಫ್ಯಾನು, ಪಕ್ಕದಿಂದ ಗೋಡೆಯೊಳಕ್ಕೆ ಹೋಗುವ ಎರಡು ತಾಮ್ರದ ಕೊಳವೆ. ಇದು ಎ.ಸಿ.ಯ ಹೊರಗಿನ ಅರ್ಧ. ಕನ್ನಡದವರು, ತಮಿಳಿನವರು, ತೆಲುಗಿನವರು ಎಲ್ಲರೂ ಇದನ್ನು ‘ಔಟ್‌ಡೋರ್’ ಎಂದೇ ಕರೆಯುತ್ತಾರೆ. ಕೋಣೆಯೊಳಗಿನ ಅರ್ಧವನ್ನು ನಾವು ಒರೆಸಿ ಚೊಕ್ಕಟವಾಗಿಡುತ್ತೇವೆ, ಅದರ ರಿಮೋಟನ್ನು ಜೋಪಾನ ಮಾಡುತ್ತೇವೆ. ಬಿಸಿಲು, ಮಳೆ, ಧೂಳನ್ನೆಲ್ಲ ಸಹಿಸುವ ಈ ಹೊರಗಿನ ಅರ್ಧ ನೆನಪಾಗುವುದು ಅದು ಕೆಟ್ಟು ನಿಂತ ದಿನ ಮಾತ್ರ.

ಹಾಗೆ ಕೆಟ್ಟ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗೆ ಕಾಣುವ ಒಂದೊಂದು ಭಾಗಕ್ಕೂ ಒಂದೊಂದು ಚರಿತ್ರೆಯಿದೆ. ಅತ್ಯಂತ ಹಳೆಯದು ಸುಮಾರು ಇನ್ನೂರ ಎಂಬತ್ತು ವರ್ಷಗಳಷ್ಟು ಹಿಂದಿನದು. ಆ ಚರಿತ್ರೆ ತಿಳಿದಿದ್ದರೆ ಎಲ್ಲಿ ಕೆಟ್ಟಿದೆ, ಯಾವುದನ್ನು ನಾವೇ ಸರಿಮಾಡಿಕೊಳ್ಳಬಹುದು, ಯಾವುದಕ್ಕೆ ಕೈ ಹಾಕಿದರೆ ಜೀವಕ್ಕೇ ಕುತ್ತು ಎಂಬುದನ್ನು ಊಹಿಸುವುದು ಸುಲಭವಾಗುತ್ತದೆ.

ಮೊದಲು ನಮ್ಮೂರಿನ ಮಾತು. ಹೊಸೂರು ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ. ಪಕ್ಕದ ತಳಿಯನ್ನು ಅದರ ತಂಪಿಗಾಗಿ ‘ಲಿಟ್ಲ್ ಇಂಗ್ಲೆಂಡ್’ ಎಂದು ಕರೆಯುವ ವಾಡಿಕೆ ಇಂದಿಗೂ ಇದೆ. ಮಣ್ಣಿನ ದಪ್ಪ ಗೋಡೆ, ಮೇಲೆ ಹೆಂಚು, ಮುಂದೊಂದು ಜಗಲಿ, ಮೂಲೆಯಲ್ಲಿ ನೀರಿನ ಮಡಕೆ: ಹಿಂದಿನವರ ಬೇಸಿಗೆಗೆ ಇಷ್ಟು ಸಾಕಾಗಿತ್ತು. ಆ ಮಡಕೆಯೇ ನಮ್ಮ ಮೊದಲ ತಂಪಿನ ಯಂತ್ರ ಎನ್ನಬೇಕು. ಅದರ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಸೀಮೆಯ ರೇಷ್ಮೆ ಬೆಳೆಗಾರರಿಗೂ ಈ ಗುಟ್ಟು ಗೊತ್ತು. ಹುಳುವಿಗೆ ೨೪ರಿಂದ ೨೮ ಡಿಗ್ರಿಯ ಹವೆ ಬೇಕು, ಗಾಳಿಯಲ್ಲಿ ಹದವಾದ ತೇವವೂ ಬೇಕು. ಅದಕ್ಕೆಂದೇ ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ಮನುಷ್ಯ ತನಗಾಗಿ ತಂಪು ಮಾಡಿಕೊಳ್ಳುವ ಮೊದಲೇ ಹುಳುವಿಗಾಗಿ ಮಾಡಿದ ಊರುಗಳಿವು.

ಎಪ್ಪತ್ತರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂತು. ೧೯೮೦ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ, ೧೯೮೭ರಲ್ಲಿ ಟೈಟಾನ್ ಗಡಿಯಾರಗಳ ತಯಾರಿಕೆ ಶುರುವಾದವು. ಜನ ಬಂದರು, ಹೆಂಚು ಹೋಗಿ ಕಾಂಕ್ರೀಟ್ ತಾರಸಿ ಬಂತು. ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು, ೨೦೧೯ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಅದನ್ನು ಕೋಣೆಯೊಳಕ್ಕೆ ಬಿಡುತ್ತದೆ. ಹೊರಗೋಡೆಯ ಪೆಟ್ಟಿಗೆ ಈ ತಾರಸಿಯ ಬೆನ್ನಿಗೇ ಬಂದ ನಂಟ.

ಇನ್ನು ಯಂತ್ರದ ಕಥೆ. ಹೊಸೂರು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಮದರಾಸಿನ ದೊಡ್ಡಮನುಷ್ಯರು ತಂಪಿಗಾಗಿ ಅಮೆರಿಕದ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. ಅದನ್ನು ಕೂಡಿಡಲು ೧೮೪೨ರಲ್ಲಿ ಕಟ್ಟಿದ ‘ಐಸ್ ಹೌಸ್’ ಚೆನ್ನೈನ ಕಡಲ ದಂಡೆಯಲ್ಲಿ ಈಗಲೂ ಇದೆ. ವಿವೇಕಾನಂದರು ೧೮೯೭ರಲ್ಲಿ ತಂಗಿದ್ದು ಅಲ್ಲಿಯೇ. ಯಂತ್ರದಿಂದ ಮಂಜುಗಡ್ಡೆ ಮಾಡುವುದು ಬಂದ ಮೇಲೆ ಆ ವ್ಯಾಪಾರ ನಿಂತಿತು. ಅಂಥ ಯಂತ್ರದ ಮೂಲ ತತ್ತ್ವಕ್ಕೆ ಲಂಡನ್ನಿನ ಜೇಕಬ್ ಪರ್ಕಿನ್ಸ್ ೧೮೩೪ರಲ್ಲೇ ಪೇಟೆಂಟ್ ಪಡೆದಿದ್ದ. ಮಡಕೆಯಿಂದ ಆವಿಯಾದ ನೀರು ಗಾಳಿಯ ಪಾಲಾಗುತ್ತದೆ. ಪರ್ಕಿನ್ಸನು ಆವಿಯನ್ನು ಹೊರಗೆ ಬಿಡದೆ, ಪಂಪಿನಿಂದ ಒತ್ತಿ, ಮತ್ತೆ ದ್ರವವಾಗಿಸಿ, ಅದೇ ಕೊಳವೆಯಲ್ಲಿ ಮತ್ತೆ ಸುತ್ತಿಸಿದ. ೧೯೦೨ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಗಾಳಿಯನ್ನು ಹದಗೊಳಿಸುವ ಏರ್ಪಾಡನ್ನು ರೂಪಿಸಿದ. ಅಲ್ಲಿಯೂ ಅದು ಮನುಷ್ಯರಿಗಾಗಿ ಅಲ್ಲ. ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ, ಅದಕ್ಕಾಗಿ. ಪೆಟ್ಟಿಗೆಯನ್ನು ಒಳಗೊಂದು ಹೊರಗೊಂದಾಗಿ ಸೀಳಿದ ಮನೆ ಎ.ಸಿ.ಯನ್ನು ಜಪಾನಿನ ತೋಷಿಬಾ ಕಂಪನಿ ೧೯೬೧ರಲ್ಲಿ ಮಾರುಕಟ್ಟೆಗೆ ತಂದಿತು.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಿ. ಎ.ಸಿ. ತಂಪನ್ನು ಹುಟ್ಟಿಸುವುದಿಲ್ಲ. ಕೋಣೆಯ ಸೆಕೆಯನ್ನು ಹೊರೆ ಕಟ್ಟಿ ಆಚೆ ಸಾಗಿಸುತ್ತದೆ, ಅಷ್ಟೇ. ಗ್ಯಾಸು ಹೊರೆಯಾಳು, ಕಂಪ್ರೆಸರ್ ಅವನ ತೋಳು, ಹೊರಗಿನ ಪೆಟ್ಟಿಗೆ ಹೊರೆ ಇಳಿಸುವ ಜಾಗ. ಹೊರೆ ಇಳಿಸಲು ಆಗದಿದ್ದರೆ ಮತ್ತೆ ಹೊರುವುದು ಸಾಧ್ಯವಿಲ್ಲ. ಹೊರಗಿನ ಪೆಟ್ಟಿಗೆಯ ಬಹುಪಾಲು ರೋಗಗಳ ಸಾರಾಂಶ ಇದೇ.

ಮೊದಲನೆಯ ರೋಗ ಕೊಳೆ. ಪೆಟ್ಟಿಗೆಯ ಹಿಂಬದಿಯಲ್ಲಿ ತಾಮ್ರದ ಸುರುಳಿ, ಅದರ ಮೇಲೆ ಕಾಗದದಷ್ಟು ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗಳಿರುತ್ತವೆ. ಫ್ಯಾನಿನ ಗಾಳಿ ಅವುಗಳ ಸಂದಿನಲ್ಲಿ ಹಾದು ಬಿಸಿಯನ್ನು ಒಯ್ಯಬೇಕು. ಕೃಷ್ಣಗಿರಿ ಸೀಮೆಯ ಗ್ರಾನೈಟ್ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಮನೆಯಾದರೆ ಒಂದೇ ಬೇಸಿಗೆಯಲ್ಲಿ ಆ ಸಂದುಗಳು ಮುಚ್ಚಿಹೋಗುತ್ತವೆ. ಆಗ ಕಾಣುವ ಲಕ್ಷಣ: ಎ.ಸಿ. ಸ್ವಲ್ಪ ಹೊತ್ತು ಚೆನ್ನಾಗಿ ನಡೆಯುತ್ತದೆ, ಕಂಪ್ರೆಸರ್ ನಿಲ್ಲುತ್ತದೆ, ಆರಿದ ಮೇಲೆ ತಾನಾಗಿ ಮತ್ತೆ ಶುರುವಾಗುತ್ತದೆ. ಕಂಪ್ರೆಸರಿಗೆ ಕಟ್ಟಿರುವ ರಕ್ಷಣೆಯ ಸ್ವಿಚ್ಚು ಬಿಸಿ ತಾಳದೆ ಬಿಡಿಸಿಕೊಳ್ಳುತ್ತದೆ. ಅದು ಯಂತ್ರದ ಪ್ರಾಣ ಉಳಿಸುವ ಕೆಲಸ. ಮದ್ದು ಸುಲಭ. ಮೇನ್ ಸ್ವಿಚ್ಚನ್ನೇ ಆರಿಸಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಪೈಪಿನ ನೀರನ್ನು ಮೆಲ್ಲಗೆ ಆ ಹಾಳೆಗಳ ಮೇಲೆ ಹರಿಸಿ. ವೈರುಗಳಿರುವ ಬದಿಗೆ ನೀರು ಬೇಡ. ರಭಸದ ನೀರು ಹಾಳೆಗಳನ್ನು ಬಗ್ಗಿಸುತ್ತದೆ, ಅದೂ ಬೇಡ. ಪೆಟ್ಟಿಗೆಯ ಮುಂದೆ ಒಣಹಾಕಿದ ಕಂಬಳಿ, ಸೌದೆ, ಹಳೆಯ ಬಾಗಿಲು ಇದ್ದರೆ ತೆಗೆದುಬಿಡಿ.

ಎರಡನೆಯದು ಕೆಪಾಸಿಟರ್. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ಡಬ್ಬಿ. ಇದರ ಹಿರಿಯಜ್ಜ ೧೭೪೫–೪೬ರಲ್ಲಿ ಹುಟ್ಟಿದ ‘ಲೈಡನ್ ಜಾಡಿ’. ಜರ್ಮನಿಯ ಫಾನ್ ಕ್ಲೈಸ್ಟ್, ಹಾಲೆಂಡಿನ ಲೈಡನ್ ನಗರದ ಮುಷನ್‌ಬ್ರೂಕ್, ಇಬ್ಬರೂ ಬೇರೆ ಬೇರೆಯಾಗಿ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡಬಹುದೆಂದು ಕಂಡರು. ಮೈ ನಡುಗಿಸುವ ಹೊಡೆತವನ್ನೂ ತಿಂದರು. ಎ.ಸಿ.ಗೆ ಇದರ ಅಗತ್ಯವೇನು? ನಮ್ಮ ಮನೆಗೆ ಬರುವುದು ಸಿಂಗಲ್ ಫೇಸ್ ವಿದ್ಯುತ್ತು. ಅದು ಮೋಟಾರನ್ನು ಹಿಂದೆ ಮುಂದೆ ನಡುಗಿಸಬಲ್ಲದೇ ಹೊರತು ಒಂದು ದಿಕ್ಕಿಗೆ ತಿರುಗಿಸಿ ಶುರುಮಾಡಲಾರದು. ಸ್ವಲ್ಪ ಹಿಂದು ಮುಂದಾಗಿ ಬರುವ ಎರಡು ಪ್ರವಾಹಗಳಿದ್ದರೆ ಮೋಟಾರು ತಾನೇ ತಿರುಗುತ್ತದೆಂದು ನಿಕೊಲಾ ಟೆಸ್ಲಾ ೧೮೮೮ರ ಪೇಟೆಂಟುಗಳಲ್ಲಿ ತೋರಿಸಿದ. ಒಂದೇ ಪ್ರವಾಹದಿಂದ ಆ ಎರಡನೆಯದನ್ನು ಮಾಡಿಕೊಡುವುದೇ ಕೆಪಾಸಿಟರಿನ ಕೆಲಸ.

ಕಾಲ ಕಳೆದಂತೆ, ಬಿಸಿ ತಿಂದಂತೆ ಇದು ಸೊರಗುತ್ತದೆ. ಆಗ ಪೆಟ್ಟಿಗೆ ‘ಗುಂಯ್’ ಎನ್ನುತ್ತದೆ, ತಿರುಗುವುದಿಲ್ಲ. ಅಥವಾ ಕಂಪ್ರೆಸರ್ ನಡೆಯುತ್ತದೆ, ಫ್ಯಾನು ಮಾತ್ರ ನಿಂತಿರುತ್ತದೆ. ಇಂಥ ಹೊತ್ತಿನಲ್ಲಿ “ಕಂಪ್ರೆಸರೇ ಹೋಗಿದೆ, ಹೊಸದು ಹಾಕಬೇಕು” ಎಂಬ ಮಾತು ಕೇಳಿಬಂದರೆ, “ಮೊದಲು ಕೆಪಾಸಿಟರ್ ಅಳೆದು ನೋಡಪ್ಪ” ಎಂದು ಹೇಳಿ. ಡಬ್ಬಿಯ ಮೇಲೆ ಎಷ್ಟು ಮೈಕ್ರೋಫ್ಯಾರಡ್ ಎಂದು ಅಚ್ಚಾಗಿರುತ್ತದೆ. ಮೀಟರು ಅದಕ್ಕಿಂತ ಬಹಳ ಕಡಿಮೆ ತೋರಿಸಿದರೆ ತಪ್ಪಿತಸ್ಥ ಸಿಕ್ಕಂತೆ. ಕಂಪ್ರೆಸರಿನ ಬೆಲೆಯ ಮುಂದೆ ಇದರ ಬೆಲೆ ಏನೇನೂ ಅಲ್ಲ. ಆದರೆ ನೀವಾಗಿ ಮುಟ್ಟಬೇಡಿ. ಸ್ವಿಚ್ಚು ಆರಿಸಿದ ಮೇಲೂ ಈ ಡಬ್ಬಿಯಲ್ಲಿ ವಿದ್ಯುತ್ತು ಉಳಿದಿರುತ್ತದೆ. ಮುಷನ್‌ಬ್ರೂಕ್ ತಿಂದ ಹೊಡೆತ ಇದರಲ್ಲಿ ಇನ್ನೂ ಕಾಯುತ್ತಿರುತ್ತದೆ.

ಮೂರನೆಯದು ಎಲೆಕ್ಟ್ರಾನಿಕ್ ಬೋರ್ಡು. ೧೯೮೧ರಲ್ಲಿ ತೋಷಿಬಾ ಮನೆ ಎ.ಸಿ.ಗೆ ಇನ್ವರ್ಟರ್ ಜೋಡಿಸಿತು. ಪೂರ್ತಿ ನಡೆಯುವುದು ಇಲ್ಲವೇ ಪೂರ್ತಿ ನಿಲ್ಲುವುದು ಎಂಬ ಹಳೆಯ ಕ್ರಮ ಹೋಗಿ, ಬೇಕಾದಷ್ಟೇ ವೇಗದಲ್ಲಿ ನಡೆಯುವ ಕಂಪ್ರೆಸರ್ ಬಂತು. ವಿದ್ಯುತ್ತು ಉಳಿಯಿತು, ಆದರೆ ಬಿಸಿಲಿನಲ್ಲಿ ನಿಂತ ಪೆಟ್ಟಿಗೆಯೊಳಗೆ ನಾಜೂಕಾದ ಬೋರ್ಡೊಂದು ಸೇರಿತು. ಹಲ್ಲಿ, ಇರುವೆ ಒಳಹೊಕ್ಕು ಶಾರ್ಟ್ ಆಗುವುದುಂಟು. ಸಂಜೆ ವೋಲ್ಟೇಜು ಕುಸಿದಾಗ ಅದು ತಾನಾಗಿ ನಿಂತುಬಿಡುವುದೂ ಉಂಟು. ಒಳಗಿನ ಘಟಕದ ದೀಪ ಮಿನುಗುತ್ತಿದ್ದರೆ, ಅಥವಾ ಅಕ್ಷರ ಅಂಕಿ ತೋರಿಸುತ್ತಿದ್ದರೆ, ಆರಿಸುವ ಮೊದಲು ಅದನ್ನು ಬರೆದಿಟ್ಟುಕೊಳ್ಳಿ. ಯಂತ್ರ ತನ್ನ ನೋವನ್ನು ತಾನೇ ಹೇಳುವ ಭಾಷೆ ಅದು. ಈ ಬೋರ್ಡಿನ ಮೇಲಿನ ಕೆಪಾಸಿಟರುಗಳು ೩೦೦ ವೋಲ್ಟಿಗೂ ಮಿಕ್ಕ ಹೊಡೆತವನ್ನು ಇಟ್ಟುಕೊಂಡಿರುತ್ತವೆ. ಆದ್ದರಿಂದ ಮುಚ್ಚಳ ತೆಗೆಯುವುದು ಕಲಿತವನ ಕೆಲಸ.

ನಾಲ್ಕನೆಯದು ಗ್ಯಾಸು. ಇದರ ಚರಿತ್ರೆ ಸಾವಿನಿಂದ ಶುರುವಾಗುತ್ತದೆ. ಮೊದಲಿಗೆ ಬಳಸುತ್ತಿದ್ದದ್ದು ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್, ಎಲ್ಲವೂ ವಿಷ. ರೆಫ್ರಿಜರೇಟರಿನ ಸೋರಿಕೆಯಿಂದ ಬರ್ಲಿನ್‌ನಲ್ಲಿ ಒಂದು ಸಂಸಾರವೇ ಸತ್ತ ಸುದ್ದಿ ಓದಿ ಮರುಗಿದ ಆಲ್ಬರ್ಟ್ ಐನ್‌ಸ್ಟೈನ್, ತಮ್ಮ ಗೆಳೆಯ ಲಿಯೋ ಜಿಲಾರ್ಡ್ ಜತೆ ಸೇರಿ, ತಿರುಗುವ ಭಾಗವೇ ಇಲ್ಲದ, ಸೋರದ ಯಂತ್ರವೊಂದಕ್ಕೆ ೧೯೩೦ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಅದು ಮನೆಗಳಿಗೆ ಬರಲಿಲ್ಲ. ೧೯೨೮ರಲ್ಲಿ ಥಾಮಸ್ ಮಿಡ್‌ಗ್ಲಿ ಮತ್ತು ಸಂಗಡಿಗರು ವಿಷವಲ್ಲದ, ಹೊತ್ತಿಕೊಳ್ಳದ ಗ್ಯಾಸನ್ನು ಕಂಡುಹಿಡಿದರು. ಮಿಡ್‌ಗ್ಲಿ ಸಭೆಯ ಮುಂದೆ ಅದನ್ನು ಉಸಿರಿಗೆಳೆದು, ಊದಿ, ಮೇಣದ ಬತ್ತಿ ಆರಿಸಿ ತೋರಿಸಿದ.

ಮನೆಯೊಳಗೆ ಸಾಧುವಾಗಿದ್ದ ಅದು ಆಕಾಶದಲ್ಲಿ ಕೇಡು ಮಾಡಿತು. ಅಂಥ ಗ್ಯಾಸುಗಳು ಓಜೋನ್ ಪದರವನ್ನು ತಿನ್ನುತ್ತವೆಂದು ೧೯೭೪ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಚ್ಚರಿಸಿದರು. ೧೯೮೫ರಲ್ಲಿ ಅಂಟಾರ್ಟಿಕದ ಮೇಲಿನ ಓಜೋನ್ ರಂಧ್ರದ ವರದಿ ಬಂತು, ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, ೧೯೯೨ರಲ್ಲಿ ಭಾರತ ಅದಕ್ಕೆ ಸೇರಿತು. ನಮ್ಮ ಹಳೆಯ ಎ.ಸಿ.ಗಳ ಆರ್-೨೨ ಕೂಡ ಅದೇ ವಂಶದ್ದು, ಕೇಡು ಸ್ವಲ್ಪ ಕಡಿಮೆ. ಆಮೇಲೆ ಬಂದ ಆರ್-೪೧೦ಎ ಓಜೋನನ್ನು ತಿನ್ನದು. ಆದರೆ ಒಂದು ಕಿಲೋ ಸೋರಿದರೆ ಸುಮಾರು ೨,೦೦೦ ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಈಗಿನ ಆರ್-೩೨ರ ಲೆಕ್ಕ ೬೭೫. ಆದರೆ ಇದಕ್ಕೆ ಸ್ವಲ್ಪ ಹೊತ್ತಿಕೊಳ್ಳುವ ಗುಣವಿದೆ. ಹೀಗೆ ಒಂದು ಕಷ್ಟ ಕಳೆದರೆ ಇನ್ನೊಂದು ಎದುರಾಗುತ್ತ ಬಂದಿದೆ.

ಈಗ ವ್ಯವಹಾರದ ಮಾತು. “ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು” ಎಂಬ ಮಾತು ನಿಜವಲ್ಲ. ಅಡುಗೆ ಗ್ಯಾಸಿನಂತೆ ಇದು ಉರಿದು ಮುಗಿಯುವುದಿಲ್ಲ; ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಸೋರಿದೆ ಎಂದರ್ಥ. ಹೊರಗಿನ ಸಣ್ಣ ಕೊಳವೆಯ ಮೇಲೆ ಹಿಮ ಕಟ್ಟುವುದು, ನಟ್ಟಿನ ಬಳಿ ಎಣ್ಣೆಯ ಕಲೆ ಕಾಣುವುದು ಅದರ ಗುರುತು. ಒಳಗಿನ ಫಿಲ್ಟರ್ ಕೊಳೆಯಾಗಿದ್ದರೂ ಹಿಮ ಕಟ್ಟಬಹುದು, ಆದ್ದರಿಂದ ಮೊದಲು ಅದನ್ನು ತೊಳೆಯಿರಿ. ಸೋರಿಕೆಯನ್ನು ಹುಡುಕಿ ಮುಚ್ಚದೆ ಗ್ಯಾಸ್ ತುಂಬಿದರೆ ದುಡ್ಡೂ ಆಕಾಶಕ್ಕೆ, ಗ್ಯಾಸೂ ಆಕಾಶಕ್ಕೆ. ಸರಿಯಾದ ಕ್ರಮ ಹೀಗಿದೆ: ಸೋರುವ ಕಡೆ ಮುಚ್ಚಿ, ನೈಟ್ರೋಜನ್ ತುಂಬಿ ಪರೀಕ್ಷಿಸಿ, ಪಂಪಿನಿಂದ ಕೊಳವೆಯ ಗಾಳಿಯನ್ನೆಲ್ಲ ಎಳೆದು, ಪೆಟ್ಟಿಗೆಯ ಮೇಲೆ ಬರೆದಿರುವ ಗ್ಯಾಸನ್ನೇ ತೂಕ ಹಾಕಿ ತುಂಬುವುದು. ನೈಟ್ರೋಜನ್ ಸಿಗಲಿಲ್ಲವೆಂದು ಆಮ್ಲಜನಕದ ಸಿಲಿಂಡರ್ ಜೋಡಿಸಲು ಎಂದೂ ಬಿಡಬೇಡಿ. ಒಳಗಿನ ಎಣ್ಣೆಯ ಜತೆ ಅದು ಸೇರಿದರೆ ಸಿಡಿಯುತ್ತದೆ.

ಕೊನೆಯದಾಗಿ, ಕೆಲಸಕ್ಕೆ ಬರುವ ಮನುಷ್ಯನ ಮಾತು. ಅವನು ತಮಿಳಿನವನಿರಬಹುದು, ತೆಲುಗಿನವನಿರಬಹುದು, ಬಿಹಾರದಿಂದ ಬಂದ ಹುಡುಗನಿರಬಹುದು. ಅವನೊಡನೆ ಯಾವ ಭಾಷೆಯಲ್ಲಿ ಮಾತಾಡುವುದೆಂಬ ಅಳುಕು ನಮ್ಮ ಮನೆಗಳ ಹಿರಿಯರಿಗೆ ಇದ್ದೇ ಇದೆ. ಅಳುಕಬೇಕಾಗಿಲ್ಲ. ಯಂತ್ರದ ಹೆಸರುಗಳು ಮೂರು ಭಾಷೆಗೂ ಒಂದೇ. ಮನೆಯ ಅಜ್ಜಿ “ಗುಂಯ್ ಅಂತದೆ, ಫ್ಯಾನು ತಿರುಗಲ್ಲ, ಕಾಲು ಗಂಟೆ ಬಿಟ್ಟು ತಾನೇ ಶುರುವಾಗ್ತದೆ” ಎಂದು ಕೈಸನ್ನೆ ಮಾಡಿ ಹೇಳಿದರೂ ಅರ್ಧ ಕೆಲಸ ಮುಗಿದಂತೆಯೇ. ಅವನಿಗೆ ಬೇಕಾದದ್ದು ನೀವು ಕಂಡದ್ದು, ಕೇಳಿದ್ದು.

ಅವನನ್ನು ಕಾಲಿಡಲು ಜಾಗವಿಲ್ಲದ ಸಜ್ಜದ ಮೇಲೆ ಹಗ್ಗವಿಲ್ಲದೆ ಇಳಿಸಬೇಡಿ. ಪೆಟ್ಟಿಗೆಯನ್ನು ಕೈಗೆಟುಕದ ಎತ್ತರದಲ್ಲಿ ಕೂರಿಸಿದವರು ನಾವು. ಅದನ್ನು ದುರಸ್ತಿ ಮಾಡಲು ಜೀವ ಪಣವಿಡುವವನು ಅವನು. ಹೊಸ ಮನೆ ಕಟ್ಟುವವರು ತಾರಸಿಯ ಮೇಲೋ ಬಾಲ್ಕನಿಯಲ್ಲೋ ನಿಂತು ಕೆಲಸ ಮಾಡುವಂಥ ಜಾಗವನ್ನು ಮೊದಲೇ ಗೊತ್ತುಮಾಡಿ. ಅದರ ಬಿಸಿಗಾಳಿ ಪಕ್ಕದ ಮನೆಯವರ ಕಿಟಕಿಗೆ ಬಡಿಯದಂತೆಯೂ ನೋಡಿಕೊಳ್ಳಿ. ಇನ್ನುಳಿದವರು ಬೇಸಿಗೆ ಏರುವ ಮೊದಲು, ಮಾಘ ಮಾಸ ಕಳೆಯುವುದರೊಳಗೆ, ಕೈಗೆಟುಕುವ ಪೆಟ್ಟಿಗೆಯಾದರೆ ಒಂದು ಸಂಜೆ ಅದರ ಬೆನ್ನಿನ ಧೂಳು ತೊಳೆದುಬಿಡಿ.